ಗಾನಶ್ರೀಯ ಸಣ್ಣ ಗ್ಲಾಸು

ಪುತ್ತೂರಿನ ಕೆಫೆಯಲ್ಲಿ ಗಾನಶ್ರೀ ಕಾಫಿ ಮಷಿನಿನ ಹಿಂದೆ ನಿಲ್ಲುತ್ತಿದ್ದ ಕಾಲದಲ್ಲಿ, ಕ್ಲಾಸು ಬಿಟ್ಟದ್ದೇ ತಡ ಕಾಲೇಜಿನ ಹುಡುಗ ಹುಡುಗಿಯರೆಲ್ಲ ನುಗ್ಗಿ ಬಂದು, "ಅಕ್ಕಾ, ನಿಮ್ಮ ಕೈಯದ್ದೇ ಆಗ್ಬೇಕು" ಎಂದು ಹಟ ಹಿಡಿಯುತ್ತಿದ್ದರು. ನಗುತ್ತಾ ಎಲ್ಲರಿಗೂ ಮಾಡಿ ಕೊಟ್ಟು, ಕೊನೆಗೆ ತನಗೆಂದು ಒಂದೇ ಒಂದು ಕೊರ್ಟಾಡೊ ಮಾಡಿಕೊಳ್ಳುತ್ತಿದ್ದಳು: ಸಣ್ಣ ಗಾಜಿನ ಗ್ಲಾಸಿನಲ್ಲಿ ಅರ್ಧ ದಪ್ಪ ಎಸ್‌ಪ್ರೆಸ್ಸೊ, ಅರ್ಧ ಹಬೆಯಲ್ಲಿ ಕಾಯಿಸಿದ ಹಾಲು, ಸಕ್ಕರೆ ಇಲ್ಲ, ನೀರಂತೂ ಇಲ್ಲವೇ ಇಲ್ಲ! ಮದುವೆಯಾಗಿ ಗಂಡನ ಊರು ಕೋಡಿಂಬಾಳಕ್ಕೆ ಹೊರಟಾಗ ಕೆಫೆಯ ಒಡತಿ ಝೈನಬ ಹಳೆಯ ಸಣ್ಣ ಮಷಿನನ್ನೇ ಉಡುಗೊರೆ ಕೊಟ್ಟು, "ಊರಿಗೆಲ್ಲ ಮಾಡಿ ಕೊಟ್ಟದ್ದು ಸಾಕು ಮಾರಾಯ್ತಿ, ಇನ್ನು ನಿಂಗೆ ಮಾಡಿ ಕುಡಿ" ಎಂದಿದ್ದಳು.

ಕುಡಿಯಲು ಬಿಟ್ಟರೆ ತಾನೆ!

ಮಧ್ಯಾಹ್ನ ಊಟ ಮುಗಿದು, ತೋಟಗಳ ಸ್ಪ್ರಿಂಕ್ಲರ್ ಪಂಪುಗಳೆಲ್ಲ ನಿಂತ ಸ್ವಲ್ಪ ಹೊತ್ತು ಮಾತ್ರ ಆ ಮಷಿನಿಗೆ ಸಾಲುವಷ್ಟು ವೋಲ್ಟೇಜ್ ಬರುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ ಜಗಲಿಯಲ್ಲಿ ಯಾರಾದರೊಬ್ಬರು ಪ್ರತ್ಯಕ್ಷ. ಅತ್ತೆ ಮನೋರಮಾ ಗಾನಶ್ರೀಯ ಗ್ಲಾಸನ್ನೆತ್ತಿ ದೊಡ್ಡ ಲೋಟಕ್ಕೆ ಸುರಿದು, ಬಿಸಿನೀರು ಹೊಯ್ದು, ಹಾಲು ಸಕ್ಕರೆ ಹಾಕಿ, ತುಂಬಿದ ಲೋಟ ಮಾಡಿ ಹೊರಗೆ ಒಯ್ಯುವರು. ಬಂದವರಿಗೆ ಅರ್ಧ ಲೋಟ ಕೊಡುವುದು ಆ ಮನೆಯಲ್ಲಿ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಗಂಡ ವಿಷ್ಣುಪ್ರಸಾದನಿಗೆ ಹೇಳಿದರೆ, "ಅದಕ್ಕೆಂತ, ಇನ್ನೊಂದು ಮಾಡಿದ್ರಾಯ್ತಲ್ಲ" ಎನ್ನುತ್ತಿದ್ದ. ಇನ್ನೊಂದು! ಇನ್ನೊಂದು ಮಾಡುವಷ್ಟರಲ್ಲಿ ಪಂಪು ಹಾಕಿ ಆಗಿರುತ್ತಿತ್ತು.

ಆ ದಿನ ಎಲ್ಲವೂ ಸರಿಯಾಗಿ ಕೂಡಿ ಬಂದಿತ್ತು. ಕಾಫಿ ಜೇನಿನ ಹಾಗೆ ದಪ್ಪಗೆ ಇಳಿದಿತ್ತು, ಮನೆಯ ಹಸುವಿನ ಹಾಲು ರೇಷ್ಮೆಯ ಹಾಗೆ ನೊರೆ ಬಂದಿತ್ತು. ಗ್ಲಾಸು ತುಟಿಗೆ ತಾಗಬೇಕು, ಅಷ್ಟರಲ್ಲಿ ಜಗಲಿಯಿಂದ ನೆರೆಮನೆಯ ಉದಯಶಂಕರ ಮಾವನ ಸ್ವರ: "ಯಾರಿದ್ದೀರಿ ಒಳಗೆ?"

ಗಾನಶ್ರೀ ಗ್ಲಾಸನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಬೆಲ್ಲ, ನೀರು ಹಿಡಿದುಕೊಂಡು ಹೋಗಿ ಅವರ ಮುಂದೆ ಇಟ್ಟು ಬಂದಳು. ಬಂದು ನೋಡಿದರೆ ಗ್ಲಾಸು ಖಾಲಿ! ಅತ್ತೆ ತುಂಬಿದ ಲೋಟ ಹಿಡಿದು ಜಗಲಿಗೆ ದಾಟುತ್ತಿದ್ದರು.

"ಅತ್ತೆ, ಅದು ನನ್ನ ಕಾಫಿ!"

"ನಿನ್ನದು ನನ್ನದು ಅಂತ ಕಾಫಿಯಲ್ಲಿಯೂ ಉಂಟಾ? ಮೊದಲು ಬಂದವರಿಗೆ, ಮತ್ತೆ ನಮಗೆ."

"ಆ ಮತ್ತೆ ಅಂದ್ರೆ ಯಾವಾಗ? ಮೊನ್ನೆ ಅಡಿಕೆ ಗೊನೆ ತೆಗೆಯುವವರು ಕುಡಿದ್ರು, ನಿನ್ನೆ ಮೀಟರ್ ನೋಡ್ಲಿಕ್ಕೆ ಬಂದವರು ಕುಡಿದ್ರು. ನಾನು ಯಾವಾಗ ಕುಡಿಯುದು?"

ಉದಯಶಂಕರ ಒಂದು ಗುಟುಕು ಕುಡಿದು ಮುಖ ಹಿಂಡಿದರು. "ಎಂತ ಮಾರಾಯ್ತಿ, ಈ ಕಷಾಯಕ್ಕೆ ಇಷ್ಟು ಗಲಾಟೆಯಾ? ನಿನ್ನ ಮಷಿನ್ ಹಾಳಾಗಿದೆ, ಗುಜರಿಯವರಿಗೆ ಕೊಡು."

ಗಾನಶ್ರೀಯ ಕಿವಿ ಕೆಂಪಾಯಿತು. ಹಾಲಿನ ನೊರೆಗೆ ನೀರು ಹೊಯ್ದದ್ದು ಯಾರೋ, ಬೈಗುಳ ತಿನ್ನುವುದು ತನ್ನ ಮಷಿನ್! ಸೀದಾ ಹೋಗಿ ಕೈ ಚಾಚಿದಳು.

"ಕೊಡಿ ಮಾವ ಇಲ್ಲಿ."

ಅವರು ಬೆಪ್ಪಾಗಿ ಕೊಟ್ಟರು. ಅವಳು ಅಂಗಳಕ್ಕಿಳಿದು ಇಡೀ ಲೋಟವನ್ನು ಬಸಳೆಯ ಬುಡಕ್ಕೆ ಚೆಲ್ಲಿದಳು.

"ಅಯ್ಯೋ ದೇವರೇ!" ಮನೋರಮಾ ಎದೆ ಹಿಡಿದುಕೊಂಡರು. "ಬಂದವರ ಕೈಯಿಂದ ಕಸಿಯುದಾ? ಈ ಮನೆಯಲ್ಲಿ ಹೀಗೆ ಒಮ್ಮೆಯೂ ಆದದ್ದಿಲ್ಲ."

"ನನಗೆ ಒಂದು ಗ್ಲಾಸು ಬಿಸಿ ಕಾಫಿ ಸಿಕ್ಕಿದ್ದೂ ಇಲ್ಲ ಅತ್ತೆ, ಈ ಮನೆಯಲ್ಲಿ!"

ಒಳಗೆ ಹೋಗಿ ಮತ್ತೆ ಬೀಜ ಪುಡಿ ಮಾಡಿದಳು. ಎಂಥ ಸಿಟ್ಟೆಂದರೆ, ಪುಡಿಯನ್ನು ಒತ್ತುವಾಗ ಡಬ್ಬಿಗಳೆಲ್ಲ ಗಡಗಡ ಎಂದವು. ಹಾಲು ಕಾದು ಇನ್ನೇನು ನೊರೆ ಏಳಬೇಕು, ಅಷ್ಟರಲ್ಲಿ ಎಲ್ಲೋ ಪಂಪು ಹಾಕಿದರು, ಬಲ್ಬು ಮಂಕಾಯಿತು, ಹಬೆ ಕೆಮ್ಮಿ ಕೆಮ್ಮಿ ನಿಂತಿತು. ನೊರೆ ಸರಿಯಾಗಲೇ ಇಲ್ಲ. ಆದರೂ ಗ್ಲಾಸಿಗೆ ಹೊಯ್ದು, ಅಡುಗೆಮನೆಯ ಮೂಲೆಯಲ್ಲಿ ನಿಂತು ಕುಡಿಯದೆ, ಜಗಲಿಗೇ ಬಂದು ಉದಯಶಂಕರರ ಎದುರಿನ ಕುರ್ಚಿಯಲ್ಲಿ ಕುಳಿತಳು.

"ಇದೆಂತದು, ತೀರ್ಥ ಕೊಟ್ಟಷ್ಟೇ ಉಂಟಲ್ಲ!" ಎಂದರು ಅವರು, ತುಸು ಮೆತ್ತಗೆ.

"ಇಷ್ಟೇ ಇದು."

"ಸ್ವಲ್ಪ ರುಚಿ ನೋಡ್ಬಹುದಾ?"

"ಇಲ್ಲ ಮಾವ."

ಅಡುಗೆಮನೆಯಿಂದ ಮನೋರಮಾ ಕೂಗಿದರು. "ಗಾನಾ, ಅವರಿಗೆ ಎಂತ ಕೊಡುದು ಈಗ? ಎದ್ದು ಬಾ!"

"ಒಲೆ ಉಂಟು, ಹಾಲು ಉಂಟು, ನೀವು ಮಾಡಿ ಅತ್ತೆ. ನಾನು ಕುಡಿತಾ ಇದ್ದೇನೆ."

ಒಳಗೆ ಪಾತ್ರೆಯೊಂದು ಧಡ್ ಎಂದು ಒಲೆಯ ಮೇಲೆ ಬಿತ್ತು. ಉದಯಶಂಕರ ಅಂಗಳದ ಕಡೆ ನೋಡಿದರು. ಗಾನಶ್ರೀ ಇನ್ನೊಂದು ಗುಟುಕು ಕುಡಿದಳು, ನಾಲಗೆ ಸುಟ್ಟಿತು, ಗ್ಲಾಸು ಕೆಳಗಿಡಲಿಲ್ಲ.