ಕಾಲು ಊದಿದ್ದನ್ನು ನೋಡಿದವರು

ನನ್ನ ದೊಡ್ಡಮ್ಮ ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕಿದವಳು. ದಿನಕ್ಕೆ ಒಂಬತ್ತು ಗಂಟೆ ನಿಂತೇ ಕೆಲಸ. ಕಾಲು ಊದಿದರೆ, "ನಿಂತವರ ಕಾಲು ಊದದೆ ಕೂತವರದು ಊದುತ್ತಾ?" ಅಂತ ನಕ್ಕುಬಿಡುತ್ತಿದ್ದಳು. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ನಿಲ್ಲುತ್ತಿದ್ದ ನನ್ನ ಅಮ್ಮ, ಅಂದರೆ ಅವಳ ತಂಗಿ, ನಲವತ್ತೆಂಟಕ್ಕೇ ತೀರಿಕೊಂಡಳು. ಕೊನೆಕೊನೆಗೆ ಮಲಗಿದರೆ ಉಸಿರು ಕಟ್ಟುತ್ತಿತ್ತು. ಮೂರು ದಿಂಬು ಒಟ್ಟಿ, ಒರಗಿಕೊಂಡೇ ನಿದ್ದೆ ಮಾಡುತ್ತಿದ್ದಳು. ದುಡಿದು ದುಡಿದು ಸೋತಿದ್ದಾಳೆ ಅಂದುಕೊಂಡೆವು.

ಎರಡು ತಿಂಗಳಾದ ಮೇಲೆ ಆರೋಗ್ಯ ಕೇಂದ್ರದ ನರ್ಸ್ ಮನೆಗೆ ಬಂದರು. ಸತ್ತವರ ಕಾಯಿಲೆಯ ವಿವರ ಬರೆದುಕೊಳ್ಳುವುದು ಅವರ ಕೆಲಸ.

"ಹೋದವಳು ಹೋದಳು ಸಿಸ್ಟರ್, ಈಗ ಬರೆದು ಏನಾಗಬೇಕು?" ಅಂದಳು ದೊಡ್ಡಮ್ಮ.

"ಮೇಲಿನ ಬಡಾವಣೇಲಿ ಹೃದಯ ಸೋತು ಹೋಗೋರಿಗೆ ಎಪ್ಪತ್ತೈದು, ಎಂಬತ್ತು ಆಗಿರುತ್ತೆ. ನಿಮ್ಮ ಬೀದೀಲಿ ಐವತ್ತೂ ದಾಟಿರಲ್ಲ. ಮುಂಚೆ ಇಂಥ ಸಾವು ವರ್ಷ ವರ್ಷ ಕಡಿಮೆ ಆಗ್ತಿತ್ತು, ಈಗ ನಾಲ್ಕೈದು ವರ್ಷದಿಂದ ಮತ್ತೆ ಜಾಸ್ತಿ. ಔಷಧಿ ಎಲ್ಲರಿಗೂ ಒಂದೇ. ಈ ಬೀದಿಗೆ ಬರೋದು ಮಾತ್ರ ತಡ. ಯಾಕೆ ಅಂತ ಯಾರಾದ್ರೂ ಕೇಳಬೇಕಲ್ಲ," ಅಂದರು ನರ್ಸ್.

ಮಾತಾಡುತ್ತಲೇ ಅವರ ಕಣ್ಣು ದೊಡ್ಡಮ್ಮನ ಕಾಲಿನ ಮೇಲೆ ಬಿತ್ತು. ಪೆನ್ನು ಕೆಳಗಿಟ್ಟು, ಬಗ್ಗಿ, ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು.

"ಮಲಗೋವಾಗ ಎಷ್ಟು ದಿಂಬು ಹಾಕ್ಕೋತೀರಿ?"

ದೊಡ್ಡಮ್ಮ ನನ್ನ ಮುಖ ನೋಡಿದಳು. "ಎರಡು," ಅಂದಳು, ಮೆಲ್ಲಗೆ.

ಮರುದಿನ ಬೆಳಿಗ್ಗೆ ನರ್ಸ್ ತಾವೇ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೃದಯದ ಬಲ ಅರ್ಧಕ್ಕರ್ಧ ಕುಂದಿತ್ತು. ಒಂದು ವಾರ ಅಲ್ಲೇ ಇರಬೇಕಾಯಿತು. ಮೈಯಲ್ಲಿ ತುಂಬಿದ್ದ ನೀರು ಇಳಿದ ದಿನ ಅವಳು ಚಪ್ಪಟೆಯಾಗಿ ಮಲಗಿ, ಗೊರಕೆ ಹೊಡೆದಳು. ಆಮೇಲೆ ತಪ್ಪದೆ ಮಾತ್ರೆ, ದಿನಾ ತೂಕ, ಉಪ್ಪಿಗೆ ಕಡಿವಾಣ.

"ಈ ಅಡುಗೆ ನಿನ್ನ ದೊಡ್ಡಪ್ಪನ ಮಾತಿನ ಥರಾನೇ ಸಪ್ಪೆ," ಅನ್ನುತ್ತಿದ್ದಳು. ದೊಡ್ಡಪ್ಪನೂ ಅದನ್ನೇ ಉಣ್ಣುತ್ತಿದ್ದ.

ನರ್ಸ್ ಅಷ್ಟಕ್ಕೇ ಬಿಡಲಿಲ್ಲ. ಲಾಂಡ್ರಿಗೂ ಬಂದು, ಊಟದ ಹೊತ್ತಿನಲ್ಲಿ ಎಲ್ಲ ಹೆಂಗಸರ ಬಿಪಿ ನೋಡಿದರು. ಹನ್ನೊಂದು ಜನರಿಗೆ ಜಾಸ್ತಿ ಇತ್ತು; ಒಬ್ಬರಿಗೂ ಗೊತ್ತಿರಲಿಲ್ಲ. ಅವರಿಗೆಲ್ಲ ಅವತ್ತೇ ಚಿಕಿತ್ಸೆ ಶುರುವಾಯಿತು.

ಮುಂದೆ ನರ್ಸ್‌ಗೆ ವರ್ಗವಾಯಿತು. ದೊಡ್ಡಮ್ಮ ಬಸ್ ನಿಲ್ದಾಣದವರೆಗೂ ಹೋಗಿ ಅವರ ಕೈ ಹಿಡಿದುಕೊಂಡಳು.

"ನನ್ನ ತಂಗಿ ಯಾಕೆ ಸತ್ತಳು ಅಂತ ಕೇಳಿಕೊಂಡು ಬಂದವರು ನೀವೊಬ್ಬರೇ. ಅದಕ್ಕೇ ನಾನು ಉಳಕೊಂಡೆ," ಅಂದಳು.

ಇದೆಲ್ಲ ಆಗಿ ಒಂಬತ್ತು ವರ್ಷ. ನನ್ನ ಮದುವೆಯಲ್ಲಿ ಅಮ್ಮನ ಜಾಗದಲ್ಲಿ ನಿಂತವಳು ದೊಡ್ಡಮ್ಮನೇ. ಈಗ ನನ್ನ ಮಗಳಿಗೆ ದಿನಾ ಬೆಳಿಗ್ಗೆ ಜಡೆ ಹಾಕುವವಳೂ ಅವಳೇ.