ಕರೆಪ್ಪ ಮ್ಯಾನೇಜರ್ ಭಂಡಾರ ಮುಟ್ಟಿದ್ದು

ಬಾಸ್ಕೆಟ್‌ಬಾಲ್ ಟೀಮಿನ ಮ್ಯಾನೇಜರ್ ಆದಾಂವ ಎಲ್ಲೆರ ದೇವರ ಅರಿಷಿಣ ಭಂಡಾರ ಮುಟ್ಟಿ ಆಣಿ ಮಾಡ್ತಾನೇನ್ರಿ? ನಮ್ಮ ಕರೆಪ್ಪ ಮಾಡಿದ! ನಾ ಉಳವಪ್ಪ, ಟೀಮಿನ ಬಸ್ ಹೊಡಿಯಾಂವ. ಬಾಜೂಕ ನಿಂತು ಕಣ್ಣಾರೆ ನೋಡೀನಿ.

ಕರೆಪ್ಪ ಪಾರಿಶ್ವಾಡದ ಕುರಿ ಕಾಯೂ ಮನಿತನದಾಂವ. ಯಾರ ಮನಿಗೆ ಹೋದ್ರೂ ಬಾಗಲದಾಗ ಬಗ್ಗಬೇಕು, ಅಷ್ಟು ಎತ್ತರ. ಖಾನಾಪುರದ ಸಾಲಿ ಮೈದಾನದಾಗ ಬಾಲ್ ಹಿಡದು, ಪುಣೆ, ಚೆನ್ನೈ ಅಂತ ಪಗಾರ ಕೊಡೂ ಟೀಮಿನಾಗೆಲ್ಲಾ ಆಡಿ ಬಂದ. ಮೊಣಕಾಲು ಕೆಟ್ಟಮ್ಯಾಲೆ ಮನ್ಯಾಗ ಮಂಕಾಗಿ ಕುಂತಿದ್ದ. ಮಚ್ಛೆ ಊರಾಗ ಫೌಂಡ್ರಿ ಇರೂ ಬಾಳಾಸಾಹೇಬ್ರು ಬೆಳಗಾವಿಗೊಂದು ಹೆಣ್ಣಮಕ್ಕಳ ಟೀಮು ಕಟ್ಟಿ, ಇವನ್ನ ಕರದು ಮ್ಯಾನೇಜರ್ ಮಾಡಿದ್ರು. ಮನಶ್ಯಾಗ ಮತ್ತ ಜೀವ ಬಂತು! ಆದ್ರ ಸಾಹೇಬ್ರು ಆವತ್ತ ಖಡಕ್ ಹೇಳಿದ್ರು: "ಹುಡುಗ್ಯಾರ್ನ ಹುಡುಕಿ ತರೂದು ನಿನ್ನ ಕೆಲಸ. ಯಾರ್ನ ಆಡಸ್ಬೇಕಂತ ಕೋಚ್ ಹೇಳ್ತಾರ. ಅದ್ರಾಗ ಬಾಯಿ ಹಾಕಿದ್ಯೋ, ಖುರ್ಚಿ ಬಿಟ್ಟು ನಡಿ."

ಹುಡುಕ್ಕೋತ ಹುಡುಕ್ಕೋತ ತನ್ನ ಊರಾಗ ಸಿಕ್ಕಳು ನೋಡ್ರಿ ಮನಿಷಾ. ಏನ್ ಎತ್ತರ, ಏನ್ ಜಿಗಿತ! ಅವರವ್ವ ಮಾಯವ್ವ ಮಾತ್ರ ಜಪ್ಪಯ್ಯ ಅಂದ್ರೂ ಒಪ್ಪವಲ್ಲಳು.

"ಹೋದ ವರ್ಷ ಓಣ್ಯಾನ ಒಂದು ಹುಡುಗಿನ ಕಬಡ್ಡಿ ಅಂತ ಕರಕೊಂಡು ಹೋಗಿ ವರ್ಷ ಪೂರ್ತಿ ಬರೇ ಚೀಲ ಹೊರಸಿದ್ರು. ನನ್ನ ಮಗಳ್ನ ಮೊದಲ್ನೇ ಮ್ಯಾಚಿನಾಗ ಆಡಸ್ತೀಯೇನು? ಹಂಗಾರ ಬೀರಪ್ಪನ ಭಂಡಾರ ಮುಟ್ಟು."

ಕಂಬಳಿ ಮ್ಯಾಲೆ ಕುಂತು, ಅರಿಷಿಣ ಪುಡಿ ಅಂಗೈಯಾಗ ಹಿಡದು, ನಮ್ಮ ಹುಚ್ಚ ಕರೆಪ್ಪ "ಆಡಸ್ತೀನಿ" ಅಂದಬಿಟ್ಟ! ಭಂಡಾರ ಮುಟ್ಟಿ ಮಾತು ಕೊಟ್ರ ಅವರ ಮಂದ್ಯಾಗ ಹಿಂದ ಸರಿಯೂದು ಇಲ್ಲೇ ಇಲ್ಲ. ಬಸ್ ಹತ್ತಿದಮ್ಯಾಲೆ ಹಣಿ ಬಡಕೊಂಡ. "ಉಳವಪ್ಪಣ್ಣ, ಆಡೂವಾಗಿನ ಬಿಸಿ ಇನ್ನೂ ಹೋಗಿಲ್ಲೋ. ಆಡಸಾಂವ ನಾನಲ್ಲ ಅನ್ನೂದ ಮರತೆ."

ಕೋಚ್ ಪದ್ಮಶ್ರೀ ಅಕ್ಕಾರು ಕೇಳಿ ಉರದು ಬಿದ್ರು. "ಆಣಿ ನಿಮ್ದು, ಟೀಮು ನಂದು. ಹುಡುಗಿ ಇನ್ನೂ ಹಸೀ ಅದಾಳ. ಆಗೂದಿಲ್ರಿ." ಅತ್ತ ದರಿ, ಇತ್ತ ಪುಲಿ!

ಮೊದಲ್ನೇ ಮ್ಯಾಚ್ ಹುಬ್ಬಳ್ಳಿಯವರ ಜೋಡಿ, ನಮ್ಮ ಬೆಳಗಾವ್ಯಾಗ. ಮಾಯವ್ವ ಟೆಂಪೋ ತುಂಬ ಮಂದಿ ಕಟಗೊಂಡು ಬಂದು, ಬೆಂಚಿನ ಹಿಂದ ಕುಂತಳು. ಕುಂತಲ್ಲೇ ಕುಂತ ಮಗಳ ಬೆನ್ನು ನೋಡ್ತಿದ್ಲು. ಕಡೀ ಭಾಗ ಚಾಲೂ ಆತು, ನಾವು ಹಿಂದ, ಮನಿಷಾ ಇನ್ನೂ ಬೆಂಚಿನ ಮ್ಯಾಲೆ.

ಕರೆಪ್ಪ ಎದ್ದ. ಕೊಳ್ಳಾಗಿನ ಮ್ಯಾನೇಜರ್ ಕಾರ್ಡ್ ತಗದು ಸಾಹೇಬ್ರ ಕೈಯಾಗ ಇಟ್ಟ. "ಖುರ್ಚಿ ತಗೋರಿ. ಮಾತು ಮುರ್ಯಾಕ ನನ್ನ ಕಡಿಂದ ಆಗವಲ್ದು." ಕೋಚ್ ಮುಂದ ಹೋಗಿ ಕೈ ಮುಗದ. "ಅಕ್ಕಾರ, ಇದು ಹುಕುಂ ಅಲ್ಲ. ಈಗ ನಾ ಯಾರೂ ಅಲ್ಲ. ಒಂದೀಟು ಇಳಸ್ರಿ."

ಪದ್ಮಶ್ರೀ ಅಕ್ಕಾರು ಕಾರ್ಡ್ ಇಲ್ಲದ ಅವನ ಬರೇ ಕೊಳ್ಳು ನೋಡಿದ್ರು, ಹಿಂದ ಕುಂತ ಮಾಯವ್ವನ್ನ ನೋಡಿದ್ರು. "ಥೂ, ಎಂಥಾ ಮಂದೀರಿ ನೀವು!" ಅಂದು ಕೂಗಿದ್ರು: "ಮನಿಷಾ, ಇಳಿ!"

ಮೊದಲ್ನೇ ಬಾಲ್ ಕೈಬಿಟ್ಟಳು. ಮಂದಿ ನಕ್ಕರು. ಎರಡನೇದು ಹುಬ್ಬಳ್ಳಿ ಹುಡುಗಿ ಎಸದಿದ್ದು, ಗಾಳ್ಯಾಗ ಜಿಗದು ಹೊಡದು ಕೆಡವಿದ್ಲು! ಯಪ್ಪಾ, ಏನ್ ಸೀಟಿ, ಏನ್ ಗದ್ದಲ! ಆಮ್ಯಾಲೆ ಬುಟ್ಟಿಗೆ ಬಡದು ಹೊರಗ ಬಿದ್ದ ಬಾಲೆಲ್ಲಾ ಆಕೀದ. ಒಂದ ಪಾಯಿಂಟಿಲೆ ಗೆದ್ವಿ, ಅದು ಪೇಪರಿನ್ಯಾಗ ಬಂತು.

ಪೇಪರಿನ್ಯಾಗ ಬರಲಾರದ್ದು ಹೇಳ್ತೀನಿ ಕೇಳ್ರಿ. ಆಟ ಮುಗಿಯಾಕ ಚೂರು ಉಳಿದಿತ್ತು. ಬಾಳಾಸಾಹೇಬ್ರು ಓಡಿ ಬಂದ್ರು, ಕಣ್ಣಾಗ ನೀರು, ಕೈಯಾಗ ಆ ಕಾರ್ಡ್. ಬೆಂಚ್ ಬಿಟ್ಟು ಪಾರಿಶ್ವಾಡದ ಮಂದಿ ನಡುವ ಹೋಗಿ ಕುಂತಿದ್ದ ಕರೆಪ್ಪನ ಮುಂದ ನಿಂತು, "ಹಾಕ್ಕೊಳ್ಳೋ ಮಾರಾಯ, ಖುರ್ಚಿ ನಿಂದ!" ಅಂದ್ರು.

ಕರೆಪ್ಪ ಅವರ ಬಾಜೂಲೆ ಹಣಕಿ ಹಾಕಿ ಒದರಿದ: "ಸಾಹೇಬ್ರ, ಕೆಳಗ ಕುಂದರ್ರಿ! ಹುಡುಗಿ ಕಾಣವಲ್ಲಳು!"