ಸ್ಯಾಟಿನ್ ಅಂಚಿನ ಟವೆಲ್

ಹೋರಾಕ್‌ವಿಲ್‌ನ ಲೊನ್ನಿ ವೊಂಡ್ರಾನನ್ನು ಇವತ್ತಿಗೂ ಯಾವ ಮನುಷ್ಯನೂ ಸೋಲಿಸಿಲ್ಲ. ಹನ್ನೊಂದು ವರ್ಷ ಅವನ ಮೂಲೆಯಲ್ಲಿ ಬಕೆಟ್ ಹಿಡಿದು ನಿಂತವನು ನಾನಾದ್ದರಿಂದ ಇದನ್ನು ಎದೆ ತಟ್ಟಿ ಹೇಳಬಲ್ಲೆ. ಅವನು ಉಗಿದ ನೀರು, ರಕ್ತ, ಒಂದು ಸಲ ಎರಡು ಹಲ್ಲು, ಎಲ್ಲವೂ ನನ್ನ ಬಕೆಟ್ಟಿಗೇ ಬಿದ್ದಿವೆ. ಅವನನ್ನು ಸೋಲಿಸಿದ್ದು ಒಂದು ಟವೆಲ್.

ಲೊನ್ನಿ ಹಗಲು ಹೊತ್ತು ಹಂದಿಮಾಂಸದ ಕಾರ್ಖಾನೆಯಲ್ಲಿ ತೊಡೆ ಕತ್ತರಿಸುತ್ತಿದ್ದ. ವರ್ಷಕ್ಕೆ ಎರಡು ಮೂರು ಶನಿವಾರ ಕೌಂಟಿ ಮೈದಾನದ ಜಾನುವಾರು ಶೆಡ್ಡಿನಲ್ಲಿ ಹಾಕುವ ಕಬ್ಬಿಣದ ಪಂಜರದೊಳಗೆ ಹೋಗಿ ಮನುಷ್ಯರನ್ನು ಕೆಡವುತ್ತಿದ್ದ. ಗುದ್ದು, ಒದೆ, ಕುಸ್ತಿ, ಕತ್ತು ಹಿಸುಕುವುದು, ಎಲ್ಲಕ್ಕೂ ಅಲ್ಲಿ ಅವಕಾಶವಿತ್ತು. ನೂರ ಐವತ್ತೈದು ಪೌಂಡಿನ ವಿಭಾಗದಲ್ಲಿ ಪೂರ್ವ ಐಯೊವಾದ ಚಾಂಪಿಯನ್ ಬೆಲ್ಟ್ ಅವನದು. ಅದನ್ನು ಅವನು ಒಂಬತ್ತು ಸಲ ಉಳಿಸಿಕೊಂಡಿದ್ದ.

ಆ ಒಂಬತ್ತು ಮಹಾಯುದ್ಧಗಳ ವೈರಿಗಳನ್ನೂ ಒಂದಿಷ್ಟು ಸ್ಮರಿಸಬೇಕು. ಮೊದಲನೆಯವನು ಶಾಲಾ ಬಸ್ಸಿನ ಚಾಲಕ. ಗಂಟೆ ಬಾರಿಸಿದ ಕೂಡಲೇ, ಮಕ್ಕಳು ಇಳಿಯಲಿ ಎಂಬಂತೆ, ನಿಂತಲ್ಲೇ ನಿಂತುಬಿಟ್ಟ. ಎರಡನೆಯವನು ಮನೆಗಳಿಗೆ ಛಾವಣಿ ಹೊದಿಸುವವನು. ಆವತ್ತು ಬೆಳಿಗ್ಗೆ ತಾನೇ ಅವನ ಬಲ ಅಂಗಾಲಿಗೆ ಮೊಳೆ ಹೊಕ್ಕಿತ್ತು. ಲೊನ್ನಿ ಧರ್ಮಯುದ್ಧದ ಮರ್ಮ ಬಲ್ಲವನು, ನೇರವಾಗಿ ಅದೇ ಕಾಲಿಗೆ ಒದ್ದ. ಐದನೆಯವನು ಪಂಜರದ ಬಾಗಿಲು ಹಾಕುವ ಸದ್ದು ಕೇಳಿಯೇ ಕೈ ಎತ್ತಿದ. ಉಳಿದವರ ಹೆಸರು ಅವರಿಗೇ ನೆನಪಿರಲಿಕ್ಕಿಲ್ಲ.

ಲೊನ್ನಿಗೂ ನೆನಪಿರಲಿಲ್ಲ, ಅದು ಬೇರೆ ಕಾರಣಕ್ಕೆ. ಅವನ ಕಿವಿಗಳೆರಡೂ ಗುದ್ದು ತಿಂದು ತಿಂದು ಊದಿ ಹೂಕೋಸಾಗಿದ್ದವು. ಮೂಗು ಮೂರು ಸಲ ದಿಕ್ಕು ಬದಲಿಸಿ ಕೊನೆಗೆ ಎಡಕ್ಕೆ ನೆಲೆಸಿತ್ತು. ಬೇಕರಿಯಿಂದ ಹೊರಬಂದು ತನ್ನ ಟ್ರಕ್ಕನ್ನು ಎಲ್ಲಿ ನಿಲ್ಲಿಸಿದ್ದೆನೆಂದು ಕಾಲು ಗಂಟೆ ಹುಡುಕುತ್ತಿದ್ದ. ನಾವು ಒಳಗೆ ಕಾಫಿ, ಗಸಗಸೆ ತುಂಬಿದ ಕೊಲಾಚ್ ಬನ್ನು ಮುಂದಿಟ್ಟುಕೊಂಡು ಕಿಟಕಿಯಿಂದ ನೋಡುತ್ತಿದ್ದೆವು. ಟ್ರಕ್ ಇದ್ದದ್ದು ಯಾವಾಗಲೂ ಬಾಗಿಲ ಎದುರಿಗೇ.

ಇಷ್ಟು ಕೊಟ್ಟು ಅವನು ಪಡೆದದ್ದು ಒಂದೇ ಒಂದು ಪದ: ಚಾಂಪ್. ಪಾದ್ರಿ ಹಾಗೆ ಕರೆಯುತ್ತಿದ್ದರು, ಕಾರ್ಖಾನೆಯ ಮೇಸ್ತ್ರಿ ಹಾಗೆ ಬೈಯುತ್ತಿದ್ದ, ಹೆಂಡತಿ ಮಾರ್ಲಿಸ್ ಅಡುಗೆಮನೆಯಿಂದ ಹಾಗೆಯೇ ಕೂಗುತ್ತಿದ್ದಳು. ಹತ್ತನೆಯ ಸಲವೂ ಉಳಿಸಿಕೊಂಡರೆ ಬೆಲ್ಟ್ ಜೀವಮಾನಕ್ಕೆ ಅವನದೇ ಎಂದು ಪಂದ್ಯ ನಡೆಸುವವರು ಮಾತು ಕೊಟ್ಟಿದ್ದರು. ಸೋತರೆ ವಾಪಸು. ಲೊನ್ನಿಗೆ ಆಗ ನಲವತ್ತೊಂದು. ಹತ್ತನೆಯದನ್ನು ಗೆದ್ದು ನಿವೃತ್ತನಾಗಿ, ಸಾಯುವವರೆಗೂ ಚಾಂಪ್ ಎಂದು ಕರೆಸಿಕೊಳ್ಳುವುದು ಅವನ ಯೋಜನೆ. ಬೆಲ್ಟ್ ಇಡಲು ಊಟದ ಮೇಜಿನ ಮೇಲ್ಗಡೆ ಗಾಜಿನ ಪೆಟ್ಟಿಗೆಯೂ ಬಂದು ಕೂತಿತ್ತು.

ಒಂದೇ ತೊಡಕು. ನಮ್ಮ ಚಾಂಪ್ ಐದು ವರ್ಷಗಳಿಂದ ನೂರ ಐವತ್ತೈದು ಪೌಂಡ್ ತೂಗಿಯೇ ಇರಲಿಲ್ಲ.

ಪಂದ್ಯದ ಹಿಂದಿನ ದಿನ ತೂಕ ನೋಡುತ್ತಾರೆ. ವಾರವಿಡೀ ಉಪವಾಸ ಬಿದ್ದು, ಬೆವರಿ, ಬಾಟಲಿಗೆ ಉಗುಳಿ ಎಲ್ಲರೂ ತೂಕ ಇಳಿಸುತ್ತಾರೆ. ಚಡ್ಡಿಯೂ ಭಾರ ಎನ್ನಿಸಿದರೆ ಅದನ್ನೂ ಕಳಚಿ ನಿಲ್ಲುತ್ತಾರೆ, ಮಾನ ಮುಚ್ಚಲು ಇಬ್ಬರು ಮುಂದೆ ಟವೆಲ್ ಹಿಡಿಯುತ್ತಾರೆ. ಈ ಟವೆಲ್ಲಿನ ಮೇಲಂಚಿಗೆ ತಕ್ಕಡಿಯ ಮೇಲೆ ನಿಂತವನು ಬೆರಳುಗಳನ್ನು ಊರಿ ಸ್ವಲ್ಪವೇ ಒತ್ತಿದರೆ, ಎರಡು ಮೂರು ಪೌಂಡು ಹಿಡಿದವರ ತೋಳಿಗೆ ದಾಟಿಬಿಡುತ್ತದೆ. ನಮ್ಮಲ್ಲಿ ಒಂದು ತುದಿ ಮಾರ್ಲಿಸಳ ಅಣ್ಣ ಡೆಲ್ಬರ್ಟ್‌ನದು, ಇನ್ನೊಂದು ನನ್ನದು. ಅದಕ್ಕೆಂದೇ ಒಂದು ಹಳೆಯ ಒರಟು ಟವೆಲ್ ಇತ್ತು. ಇಬ್ಬರೂ ವಾರಕ್ಕೆರಡು ದಿನ ಅದಕ್ಕೆ ಇಟ್ಟಿಗೆ ಕಟ್ಟಿ ಹಿಡಿದು ಅಭ್ಯಾಸ ಮಾಡುತ್ತಿದ್ದೆವು. ಲೊನ್ನಿ ಗುದ್ದುವ ಅಭ್ಯಾಸವನ್ನೂ ಇಷ್ಟು ನಿಷ್ಠೆಯಿಂದ ಮಾಡಿದವನಲ್ಲ.

ಮಾರ್ಲಿಸಳಿಗೆ ಇದು ಗೊತ್ತಿರಲಿಲ್ಲ. ಅವಳು ಪ್ರತಿ ಭಾನುವಾರ ಚರ್ಚಿಗೆ ಹೋಗುವ, ಸುಳ್ಳು ಕೇಳಿದರೆ ಮೈ ಕೆಂಪಾಗುವ ಹೆಂಗಸು. ಟವೆಲ್ ಇರುವುದು ಗಂಡನ ಮಾನಕ್ಕೆ ಎಂದೇ ಅವಳ ನಂಬಿಕೆ.

ಹತ್ತನೆಯ ತೂಕದ ದಿನ ಶೆಡ್ಡಿನಲ್ಲಿ ಇನ್ನೂರು ಜನ. ಎದುರಾಳಿ ಕೀಗನ್, ನೆಬ್ರಾಸ್ಕಾದ ಇಪ್ಪತ್ತಮೂರರ ಹುಡುಗ, ಆಗಲೇ ತೂಗಿ ಇಳಿದು ಬಾಳೆಹಣ್ಣು ತಿನ್ನುತ್ತ ನಿಂತಿದ್ದ. ತಕ್ಕಡಿಯ ಪಕ್ಕ ಮೇಲ್ವಿಚಾರಕ ಎಲ್ಡನ್, ನಲವತ್ತು ವರ್ಷ ಪ್ರದರ್ಶನದ ಹಂದಿಗಳನ್ನು ತೂಗಿದ ಮುದುಕ. ಲೊನ್ನಿ ಬಟ್ಟೆ ಕಳಚುವಷ್ಟರಲ್ಲಿ ಮಾರ್ಲಿಸ್ ಜನರನ್ನು ಸರಿಸಿಕೊಂಡು ಓಡಿ ಬಂದಳು. ಕೈಯಲ್ಲಿ ಹೊಸ ಟವೆಲ್, ಅಚ್ಚ ಬಿಳಿ. ನಡುವೆ ಚಿನ್ನದ ದಾರದಲ್ಲಿ ‘ಚಾಂಪ್ 10’. ಮೇಲಂಚಿಗೆ ಉದ್ದಕ್ಕೂ ನಾಲ್ಕು ಬೆರಳಗಲದ ಕೆಂಪು ಸ್ಯಾಟಿನ್ ಪಟ್ಟಿ.

"ಆ ಹಳೇ ಚಿಂದಿ ಹಿಡ್ಕೊಂಡು ನಿಂತ್ರೆ ಫೋಟೋದಲ್ಲಿ ಏನ್ ಚೆನ್ನಾಗಿರತ್ತೆ? ಅದನ್ನ ಕಸಕ್ಕೆ ಹಾಕ್ದೆ" ಎಂದಳು. "ಒಂದು ತಿಂಗಳು ಕೂತು ಹೊಲ್ದಿದೀನಿ. ಹಿಡೀರಿ."

ಡೆಲ್ಬರ್ಟ್ ನನ್ನ ಮುಖ ನೋಡಿದ. ನಾನು ಲೊನ್ನಿಯ ಮುಖ ನೋಡಿದೆ. ಲೊನ್ನಿ ಹೆಂಡತಿಯ ಮುಖ ನೋಡಿ, "ತುಂಬಾ ಚೆನ್ನಾಗಿದೆ, ಡಾರ್ಲಿಂಗ್" ಎಂದ. ಅವನ ಜೀವನದ ಏಕೈಕ ಶರಣಾಗತಿ ಅದು.

ಪಟ್ಟಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದೆವು. ಚಾಂಪ್ ತಕ್ಕಡಿ ಹತ್ತಿ ಬೆರಳು ಊರಿದ.

"ನೂರ ಐವತ್ತೈದು..." ಎಂದು ಎಲ್ಡನ್ ಬಾಯಿ ತೆರೆದ.

ಪರ್ರ್ ಎಂದು ಸದ್ದಾಯಿತು. ಸ್ಯಾಟಿನ್ ಪಟ್ಟಿ ನಮ್ಮಿಬ್ಬರ ಕೈಯಲ್ಲಿ ತೋರಣದಂತೆ ಉಳಿಯಿತು, ಟವೆಲ್ ನೆಲಕ್ಕೆ ಬಿತ್ತು. ಹೋರಾಕ್‌ವಿಲ್ ತನ್ನ ವೀರನನ್ನು ಪೂರ್ಣರೂಪದಲ್ಲಿ ದರ್ಶಿಸಿತು. ತಕ್ಕಡಿಯ ಮುಳ್ಳು ಎದ್ದು ಕುಣಿದು ನಿಂತಿತು.

"...ನೂರ ಐವತ್ತೇಳು ಪಾಯಿಂಟ್ ಆರು" ಎಂದು ಎಲ್ಡನ್ ಮುಗಿಸಿದ. "ಒಂದು ಗಂಟೆ ಕೊಡ್ತೀನಿ ಲೊನ್ನಿ. ಇಳಿಸ್ಕೊಂಡು ಬಾ."

ಎಷ್ಟೋ ವರ್ಷಗಳ ಮೇಲೆ ಯಾರೋ ಅವನನ್ನು ಲೊನ್ನಿ ಎಂದು ಕರೆದಿದ್ದರು.

ಜುಲೈ ಬಿಸಿಲು. ಪ್ಲಾಸ್ಟಿಕ್ ಅಂಗಿ ತೊಡಿಸಿ, ಟ್ರಕ್ಕಿನ ಗಾಜು ಏರಿಸಿ, ಹೀಟರ್ ಹಾಕಿ ಅವನನ್ನು ಒಳಗೆ ಕೂರಿಸಿದೆವು. ಟ್ರಕ್ ಎಲ್ಲಿದೆ ಎಂದು ಹುಡುಕುವ ಕಷ್ಟ ಆವತ್ತೊಂದು ದಿನ ಅವನಿಗಿರಲಿಲ್ಲ. ನಲವತ್ತು ನಿಮಿಷಕ್ಕೆ ನಾಲಿಗೆ ಹೊರಗೆ ಬಂತು. ಇನ್ನೂ ಮುಕ್ಕಾಲು ಪೌಂಡ್ ಹೆಚ್ಚಿತ್ತು. ಡೆಲ್ಬರ್ಟ್ ಕುರಿ ಶೆಡ್ಡಿನಿಂದ ಉಣ್ಣೆ ಕತ್ತರಿಸುವ ಯಂತ್ರ ಎರವಲು ತಂದ. ಹತ್ತು ವರ್ಷದ ಗಡ್ಡ ಹೋಯಿತು, ತಲೆ ಹೋಯಿತು, ಹುಬ್ಬನ್ನೂ ಕೇಳಿದೆವು, ಕೊಟ್ಟ. ಕೊನೆಗೆ ನನ್ನ ಬಕೆಟ್ಟಿನಲ್ಲಿ ಹೋದ ಹಲ್ಲುಗಳ ಜಾಗದಲ್ಲಿ ಕಟ್ಟಿಸಿಕೊಂಡಿದ್ದ ಎರಡು ಹಲ್ಲುಗಳನ್ನೂ ತೆಗೆದು ನನ್ನ ಅಂಗೈಗಿಟ್ಟ.

ಎರಡನೆಯ ಸಲ ಅಡ್ಡ ಹಿಡಿಯುವ ಕೆಲಸ ನಮಗೆ ಕೊಡಲಿಲ್ಲ. ಕೀಗನ್‌ನ ತಾಯಿ ಹಂದಿ ಮೇವಿನ ಚೀಲವೊಂದನ್ನು ಹಿಡಿದು ಮುಖ ಆಚೆ ತಿರುಗಿಸಿದಳು.

"ಕೈ ತಲೆ ಮೇಲೆ" ಎಂದ ಎಲ್ಡನ್. ಮುಳ್ಳು ನಿಲ್ಲುವವರೆಗೂ ಬಗ್ಗಿ ನೋಡಿದ. "ನೂರ ಐವತ್ತೈದು ಪಾಯಿಂಟ್ ಎರಡು."

"ಇಷ್ಟೇ ಇಷ್ಟು ತಾನೇ, ಎಲ್ಡನ್!" ಎಂದು ಡೆಲ್ಬರ್ಟ್ ಅಂಗಲಾಚಿದ.

"ಹಂದಿ ಆಗಿದ್ರೆ ಬಿಟ್ಬಿಡ್ತಿದ್ದೆ. ಕೇಳ್ಕೋ ಲೊನ್ನಿ. ಬೆಲ್ಟ್ ಈಗ ನಿಂದಲ್ಲ. ನಾಳೆ ಬೇಕಿದ್ರೆ ಕಾದಾಡು. ಹುಡುಗ ಗೆದ್ರೆ ಬೆಲ್ಟ್ ಅವನಿಗೆ. ನೀನು ಗೆದ್ರೆ ಯಾರಿಗೂ ಇಲ್ಲ."

ಕೀಗನ್ ಬಾಳೆಹಣ್ಣಿನ ಸಿಪ್ಪೆ ಎಸೆದು, "ಅಜ್ಜಾ, ಮೊದ್ಲು ಹಲ್ಲು ಹಾಕ್ಕೊ. ನಾಳೆ ನಾನೇ ಬೀಳಿಸ್ಬೇಕಲ್ಲ" ಎಂದ.

ಶನಿವಾರ ಹುಬ್ಬಿಲ್ಲದ ಲೊನ್ನಿ ಪಂಜರ ಹೊಕ್ಕಾಗ ಅರ್ಧ ಜನಕ್ಕೆ ಗುರುತು ಸಿಗಲಿಲ್ಲ. ಮುಂದಿನ ನಲವತ್ತು ಸೆಕೆಂಡುಗಳಲ್ಲಿ ನಡೆದಂಥದ್ದನ್ನು ಅವನ ಹನ್ನೊಂದು ವರ್ಷದಲ್ಲಿ ನಾನು ಕಂಡಿರಲಿಲ್ಲ. ಹುಡುಗ ಬೀಸಿದ ಒದೆಯನ್ನು ಹಿಡಿದ, ಎತ್ತಿದ, ನೆಲಕ್ಕೆ ಒಗೆದ, ಒಂದೇ ಗುದ್ದು. ಕೀಗನ್ ಮಲಗಿದ ಭಂಗಿ ನೋಡಿ ಅವನ ತಾಯಿ ಕೂಡ ಒಂದು ಕ್ಷಣ ಚಪ್ಪಾಳೆ ತಟ್ಟಿದಳು. ಒಂಬತ್ತು ಸಲ ಬಸ್ ಚಾಲಕರನ್ನು ಹೊಡೆದವನು ಕೊನೆಗೂ ಒಬ್ಬ ನಿಜವಾದ ಕಾಳಗಗಾರನನ್ನು ಹೊಡೆದಿದ್ದ.

ಲೊನ್ನಿ ಅಭ್ಯಾಸಬಲದಿಂದ ಪಂಜರದ ನಡುವೆ ಬಂದು, ಬೆಲ್ಟ್ ಕಟ್ಟಿಸಿಕೊಳ್ಳಲು ಎರಡೂ ತೋಳು ಎತ್ತಿ ನಿಂತ. ಮರೆತಿದ್ದ. ಅವನಿಗೆ ನೆನಪಿಸುವ ಧೈರ್ಯ ಯಾರಿಗೂ ಬರಲಿಲ್ಲ. ಒಬ್ಬ ಬೆಲ್ಟನ್ನು ಪೆಟ್ಟಿಗೆಗಿಟ್ಟು ಮುಚ್ಚಳ ಹಾಕುವುದನ್ನು ಕಾಣುವವರೆಗೂ ಅವನು ತೋಳು ಇಳಿಸಲಿಲ್ಲ.

ಅಕ್ಟೋಬರಿನಲ್ಲಿ ಖಾಲಿ ಬೆಲ್ಟಿಗೆ ಪಂದ್ಯ ನಡೆಯಿತು. ಕೀಗನ್ ಒಬ್ಬ ಅಂಚೆಯವನನ್ನು ಬಡಿದು ಅದನ್ನು ಗೆದ್ದ. ಈಗ ಬೇಕರಿಯವರೆಗೂ ಅವನ ಫೋಟೋ ಬಂದಿದೆ, ಕೆಳಗೆ ‘ಚಾಂಪ್’ ಎಂದು ಬರೆದಿದೆ.

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಲೊನ್ನಿಯ ಮನೆಗೆ ಡೆಲ್ಬರ್ಟ್ ಮತ್ತು ನಾನು ಊಟಕ್ಕೆ ಹೋಗಿದ್ದೆವು. ಮೇಜಿನ ಮೇಲ್ಗಡೆಯ ಗಾಜಿನ ಪೆಟ್ಟಿಗೆ ಖಾಲಿ ಇರಲಿಲ್ಲ. ಅದರಲ್ಲಿ ಒಗೆದು, ಇಸ್ತ್ರಿ ಮಾಡಿ, ಹರಿದ ಕೆಂಪು ಪಟ್ಟಿಯನ್ನು ಮೇಲೆ ಒಪ್ಪವಾಗಿ ಮಡಿಸಿಟ್ಟ ಟವೆಲ್ ಇತ್ತು.

"ಬೆಲ್ಟ್ ಹೋದ್ರೆ ಹೋಯ್ತು, ನೆನಪಿಗೆ ಏನಾದ್ರೂ ಬೇಕಲ್ವಾ?" ಎಂದು ಮಾರ್ಲಿಸ್ ಗಂಡನ ತಟ್ಟೆಗೆ ಟರ್ಕಿ ಕೋಳಿ ಬಡಿಸಿದಳು. ಆಮೇಲೆ ಚಮಚ ಹಿಡಿದುಕೊಂಡೇ ನಿಂತು ಯೋಚಿಸಿದಳು. "ಒಂದು ಮಾತ್ರ ನಂಗೆ ಇವತ್ತಿಗೂ ಅರ್ಥ ಆಗಿಲ್ಲ. ಮೂರು ಸುತ್ತು ಹೊಲಿಗೆ ಹಾಕಿದ್ದೆ. ಬರೀ ಅಡ್ಡ ಹಿಡಿದಿದ್ದ ಟವೆಲ್ ಯಾಕೆ ಹರೀತು?"

ನಾನು ಆಲೂಗಡ್ಡೆಯ ಮೇಲೆ ಗಮನವಿಟ್ಟೆ. ಡೆಲ್ಬರ್ಟ್‌ಗೆ ಕೆಮ್ಮು ಬಂತು.

ಲೊನ್ನಿ ತಲೆ ಎತ್ತಿ ಪೆಟ್ಟಿಗೆಯತ್ತ ನೋಡಿದ. ಹುಬ್ಬು ಇನ್ನೂ ಅಲ್ಲಲ್ಲಿ ಮಾತ್ರ ಚಿಗುರಿತ್ತು.

"ಗಾಳಿ" ಎಂದ.

"ಶೆಡ್ ಒಳಗೆ?"

"ಜೋರು ಗಾಳಿ, ಡಾರ್ಲಿಂಗ್."

"ಸರಿ, ತಿನ್ನು ಲೊನ್ನಿ" ಎಂದಳು ಮಾರ್ಲಿಸ್.